ಪದಚರ್ಚೆ: ನಿಲುವು ‘ಇವಾಲ್ವ್’ ಆದರೆ ಕನ್ನಡದಲ್ಲಿ ಏನಾಯಿತು?

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಸಲಿಂಗಿಗಳ ಮದುವೆ ಹಕ್ಕಿನ ವಿಷಯದಲ್ಲಿ ಅಮೆರಿಕ, ಯುರೋಪಿನ ರಾಜಕಾರಣಿಗಳು ಹೇಗೆ ಬದಲಾದರು ಎಂಬ ಪ್ರದರ್ಶನವೊಂದಕ್ಕೆ ಫಲಕಗಳನ್ನು ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು, ಒಬಾಮ 2010ರಲ್ಲಿ ತಮ್ಮ ಅಭಿಪ್ರಾಯದ ಬಗ್ಗೆ ಬಳಸಿದ ‘ಇವಾಲ್ವ್’. ‘ವಿಕಾಸವಾಗುತ್ತಿದೆ’ ಎಂದರೆ ಮಂಗನಿಂದ ಮಾನವ ನೆನಪಾಗುತ್ತದೆ. ಇನ್ನೊಂದು ‘ಮ್ಯಾರೇಜ್ ಇಕ್ವಾಲಿಟಿ’. ತಲೆಬರಹಕ್ಕೆ ಮೂರು ಪದಕ್ಕಿಂತ ಜಾಸ್ತಿ ಜಾಗವಿಲ್ಲ.

ಮರು 1

ಮಾಗುತ್ತಿದೆ. ಅಚ್ಚಗನ್ನಡ. ಮಾಗಿ ಕಾಲದ ಮಾಗಿಯೂ ಇದೇ. ಸಂಸ್ಕೃತದ ಹಂಗು ಯಾಕೆ?

ಮರು 2

ಮಾಗಿ ಬಂದದ್ದು ಮಾಘದಿಂದ. ಮಾಗುವುದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಅಚ್ಚಗನ್ನಡ ಎಂದು ಕೂಗುವ ಮುಂಚೆ ನಿಘಂಟು ತೆಗೆಯಿರಿ.

ಇನ್ನು ಪ್ರಶ್ನೆಗೆ. ‘ನಿಲುವು ಮಾಗಿತು’ ನನಗೆ ಕಿವಿಗೆ ಹೊಡೆಯುತ್ತದೆ. ನಿಲುವು ಎಂದರೆ ನಿಂತ ಜಾಗ. ನಿಂತದ್ದು ಕದಲುತ್ತದೆ, ಮಾಗುವುದಿಲ್ಲ. ಮಾಗುವುದು ಮನಸ್ಸು. ಈ ವ್ಯತ್ಯಾಸ ಒಬಾಮ ವಿಷಯದಲ್ಲಂತೂ ಸುಮ್ನೆ ಕೂದಲು ಸೀಳುವುದಲ್ಲ. 1996ರಲ್ಲಿ ಇಲಿನಾಯ್ ಸೆನೆಟ್‌ಗೆ ನಿಂತಾಗ ಪತ್ರಿಕೆಯೊಂದರ ಪ್ರಶ್ನಾವಳಿಗೆ ಅವರು ಸಲಿಂಗ ಮದುವೆಯ ಪರ ಉತ್ತರಿಸಿದ್ದರು. 2008ರಲ್ಲಿ ಮದುವೆ ಎಂದರೆ ಗಂಡು ಹೆಣ್ಣಿನ ನಡುವಿನದು ಎಂದರು. 2012ರ ಮೇ 6ರಂದು ಉಪಾಧ್ಯಕ್ಷ ಬೈಡನ್ ಟಿವಿಯಲ್ಲಿ ಸಲಿಂಗ ಮದುವೆಯ ಪರ ಬಾಯಿಬಿಟ್ಟರು. ಮೂರೇ ದಿನಕ್ಕೆ, 9ರಂದು, ಅಧ್ಯಕ್ಷರೂ ಪರ ಎಂದರು. ಇದು ಹಣ್ಣಾದದ್ದೋ, ಒಂದು ಸುತ್ತು ಹೊಡೆದು ಹೊರಟಲ್ಲಿಗೇ ಬಂದದ್ದೋ?

ಅವರ ಸಲಹೆಗಾರರಾಗಿದ್ದ ಡೇವಿಡ್ ಆಕ್ಸೆಲ್ರಾಡ್ 2015ರಲ್ಲಿ ಬರೆದದ್ದನ್ನು ನಂಬಿದರೆ, ಮನಸ್ಸಿನಲ್ಲಿ ಮೊದಲೇ ಇದ್ದದ್ದನ್ನು ಚುನಾವಣೆಗಾಗಿ ಮುಚ್ಚಿಟ್ಟಿದ್ದರು. ಡೇವಿಡ್ ನನ್ನ ಭಾವನೆಯನ್ನೂ ನಿಲುವನ್ನೂ ಬೆರೆಸಿದ್ದಾರೆ ಎಂಬರ್ಥದಲ್ಲಿ ಒಬಾಮ ಪ್ರತಿಕ್ರಿಯಿಸಿದರು. ನೋಡಿ, ಆ ಮನುಷ್ಯನೇ ಎರಡನ್ನೂ ಬೇರೆ ಮಾಡಿ ಹೇಳುತ್ತಿದ್ದಾನೆ. ಅನುವಾದದಲ್ಲಿ ನಾವು ಯಾಕೆ ಕಲಸಬೇಕು?

ಅವರ ಬಾಯಿಮಾತನ್ನು ಉಲ್ಲೇಖಿಸುವಾಗ ‘ಮಾಗುತ್ತಿದೆ’ ಇರಲಿ, ಅದು ಅವರ ಹಕ್ಕು. ಫಲಕದ ನಿರೂಪಣೆಯಲ್ಲಿ ‘ಬದಲಾಯಿತು’ ಕೂಡ ಬೇಡ, ‘ಬದಲಿಸಿದರು’ ಎನ್ನಿ. ಅಕರ್ಮಕ ಹಾಕಿದರೆ ನಿಲುವು ತಾನಾಗೇ ಮಳೆಗಾಲದ ಹಾಗೆ ಬದಲಾಯಿತು ಎಂದಾಗುತ್ತದೆ. ಕರ್ತೃ ತಪ್ಪಿಸಿಕೊಳ್ಳುತ್ತಾನೆ. ರಾಜಕಾರಣಿಗೆ ಬೇಕಾದದ್ದೂ ಅದೇ.

ಮರು 3

‘ಮತ ಬದಲಿಸಿದರು’? ಚಿಕ್ಕದಾಗಿದೆ.

ಮರು 4

ಒಬಾಮ ಮತಾಂತರವಾದರು ಎಂದು ಓದುತ್ತಾರೆ. ಬೇಡ.

ಮರು 1

ಮಾಘದ ಮಾತು ಇರಲಿ. ‘ಬದಲು’ ಅರಬ್ಬಿಯ ‘ಬದಲ್’ ಎಂದು ನಿಮಗೆ ಗೊತ್ತಿರಬೇಕಲ್ಲ? ಸಂಸ್ಕೃತ ಬಿಟ್ಟು ಅರಬ್ಬಿಗೆ ಹಾರಿದ್ದಾಯಿತು. ಕನ್ನಡದ್ದೇ ‘ಮಾರ್ಪಾಡು’ ಇದೆ. ಮತ್ತೆ ‘ಸಲಿಂಗ’ ಎಂಬುದೂ ಅಡ್ಡಾದಿಡ್ಡಿ ಪದ. ‘ಸ’ ಎಂದರೆ ಜೊತೆಗೆ. ಸಕುಟುಂಬ, ಸಪರಿವಾರ. ಸಲಿಂಗ ಎಂದರೆ ಲಿಂಗ ಸಮೇತ ಎಂದಾಗುತ್ತದೆ.

ಮರು 2

ಸವರ್ಣದೀರ್ಘ ಸಂಧಿ ಓದಿದ್ದೀರಿ ತಾನೇ? ಅಲ್ಲಿ ‘ಸ’ ಎಂದರೆ ಏನು? ಸಗೋತ್ರದಲ್ಲಿ? ‘ಒಂದೇ’ ಎಂದು. ಮುಂದೆ ಮಾತಿಲ್ಲ.

‘ಬದಲು’ ಅರಬ್ಬಿಯಾದರೆ ಆಗಲಿ. ಹಾಲು ಮಾರುವವರಿಂದ ಹಿಡಿದು ಸಂಸದರ ತನಕ ಎಲ್ಲರ ಬಾಯಲ್ಲೂ ಇದೆ. ‘ನಿಲುವು ಮಾರ್ಪಡಿಸಿದರು’ ಎಂದರೆ ಯಾವುದೋ ನಿಯಮಕ್ಕೆ ತಿದ್ದುಪಡಿ ತಂದ ಹಾಗಿದೆ. ಪದ ಎಲ್ಲಿಂದ ಬಂತು ಎಂದು ಕೇಳುವವರು ಅದು ಈಗ ಏನು ಮಾಡುತ್ತಿದೆ ಎಂದು ಯಾಕೆ ಕೇಳುವುದಿಲ್ಲವೋ.

ಮರು 4

ಎರಡನೇ ಪದಕ್ಕೆ ಯಾರೂ ಬರಲೇ ಇಲ್ಲ. ‘ಮದುವೆ ಸಮಾನತೆ’ ಎಂದರೆ ಗಂಡ ಹೆಂಡತಿ ಮನೆಗೆಲಸ ಹಂಚಿಕೊಳ್ಳುವುದು ಎಂದು ತಿಳಿಯುತ್ತಾರೆ. ಜರ್ಮನರು, ಫ್ರೆಂಚರು ‘ಎಲ್ಲರಿಗೂ ಮದುವೆ’ ಎಂಬರ್ಥದ ಘೋಷಣೆ ಮಾಡಿಕೊಂಡರು. ಕನ್ನಡದಲ್ಲಿ ಅದು ಸಾಮೂಹಿಕ ವಿವಾಹದ ಬ್ಯಾನರ್ ಆಗುತ್ತದೆ! ‘ಮದುವೆಯ ಸಮಾನ ಹಕ್ಕು’ ಎಂದು ಹಾಕಿ. ಮೂರೇ ಪದ.

ಮೇಲಿನವರ ‘ಬದಲಿಸಿದರು’ ಒಪ್ಪುತ್ತೇನೆ, ಆದರೆ ಎಲ್ಲರಿಗೂ ಅಂಟಿಸಬೇಡಿ. 1996ರಲ್ಲಿ ಮದುವೆಯನ್ನು ಗಂಡು ಹೆಣ್ಣಿಗೆ ಸೀಮಿತ ಮಾಡಿದ ಕೇಂದ್ರ ಕಾಯ್ದೆಗೆ ಸಹಿ ಹಾಕಿದ ಬಿಲ್ ಕ್ಲಿಂಟನ್, 2013ರ ಮಾರ್ಚ್‌ನಲ್ಲಿ ಅದನ್ನು ಕೋರ್ಟ್ ತೆಗೆದುಹಾಕಬೇಕು ಎಂದು ಬರೆದರು. ಅವರಿಗೆ ಸರಿ. ಅದೇ ತಿಂಗಳು ರಿಪಬ್ಲಿಕನ್ ಸೆನೆಟರ್ ರಾಬ್ ಪೋರ್ಟ್‌ಮನ್, ತನ್ನ ಮಗ ಗೇ ಎಂದು ಗೊತ್ತಾದ ಮೇಲೆ ಯೋಚನೆ ಬದಲಾಯಿತು ಎಂದರು. ಅಲ್ಲಿ ನಿಮ್ಮ ಅಕರ್ಮಕ ಸಲ್ಲುತ್ತದೆ, ಅಲ್ವಾ? ಆಗ ಬ್ರಿಟನ್ ಪ್ರಧಾನಿಯಾಗಿದ್ದ ಕ್ಯಾಮರೂನ್ 2011ರಲ್ಲಿ, ಕನ್ಸರ್ವೇಟಿವ್ (ಸಂಪ್ರದಾಯವಾದಿ) ಆಗಿರುವುದರಿಂದಲೇ ನಾನು ಇದರ ಪರ ಎಂದರು. ಮಸೂದೆ ಮತಕ್ಕೆ ಬಂದಾಗ ಅವರ ಪಕ್ಷದಲ್ಲಿ ಪರ ಹಾಕಿದವರಿಗಿಂತ ವಿರೋಧಿಸಿದವರೇ ಜಾಸ್ತಿ. ಜರ್ಮನಿಯ ಚಾನ್ಸಲರ್ ಆಗಿದ್ದ ಮರ್ಕೆಲ್ ಇನ್ನೂ ವಿಚಿತ್ರ. 2017ರಲ್ಲಿ ಸದಸ್ಯರು ಮನಸ್ಸಾಕ್ಷಿಯಂತೆ ಮತ ಹಾಕಲಿ ಎಂದು ದಾರಿ ಬಿಟ್ಟರು, ತಾವು ವಿರುದ್ಧ ಹಾಕಿದರು. ಮಸೂದೆ 393 ಕ್ಕೆ 226ರಲ್ಲಿ ಗೆದ್ದಿತು. ಇದಕ್ಕೆ ಯಾವ ಕ್ರಿಯಾಪದ?

ಮರು 3

‘ಊಸರವಳ್ಳಿಗಳು’. ಒಂದೇ ಪದ.

ಮರು 2

ಅದು ಚುನಾವಣಾ ಭಾಷಣ, ಫಲಕವಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ‘ಮದುವೆಯ ಸಮಾನ ಹಕ್ಕು’ ತಲೆಬರಹ. ಒಬಾಮ ಮಾತು ಉದ್ಧರಣೆಯೊಳಗೆ ‘ಮಾಗುತ್ತಿದೆ’, ಹೊರಗೆ ‘ಬದಲಿಸಿದರು’. ಪೋರ್ಟ್‌ಮನ್‌ಗೆ ‘ಬದಲಾಯಿತು’ ಉಳಿಸಿದೆ. ಮರ್ಕೆಲ್‌ಗೆ ಕ್ರಿಯಾಪದ ಹುಡುಕದೆ ನಡೆದದ್ದನ್ನೇ ಎರಡು ಸಾಲು ಬರೆದೆ. ಫೈಲ್ ಕಳಿಸಿಯಾಯಿತು.

ಮರು 1

‘ಹಕ್ಕು’ ಕೂಡ ಅರಬ್ಬಿ.