ಜರ್ಮನಿಯ ಚಳಿಗಾಲಕ್ಕೆ ಯಾವ ಟೈರ್ ಒಳ್ಳೆಯದು?

ಪ್ರಶ್ನೆ:
ಸ್ಟುಟ್‌ಗಾರ್ಟ್‌ನಲ್ಲಿ ಇದು ನಮ್ಮ ಮೊದಲ ಚಳಿಗಾಲ. ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು ತಗೊಂಡಿದ್ದೇವೆ. ಟೈರ್ ಮೇಲೆ ಎಂ+ಎಸ್ (ಮಡ್, ಸ್ನೋ; ಅಂದರೆ ಕೆಸರು, ಹಿಮ) ಅಂತ ಇದೆ. ಚಳಿಗಾಲಕ್ಕೂ ಇದೇ ಸಾಕು ಎಂದರು ಮಾರಿದವರು. ಹೌದಾ? ಆಲ್ ಸೀಸನ್ ಹಾಕಿಸಬೇಕಾ, ವಿಂಟರ್ ಟೈರ್ ಬೇರೆ ತಗೋಬೇಕಾ? ಕ್ರಿಸ್‌ಮಸ್ ರಜೆಯಲ್ಲಿ ಆಸ್ಟ್ರಿಯಾಗೆ ಹೋಗುವ ಆಸೆಯೂ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮ್ಯೂನಿಕ್‌ನಿಂದ:
ಎಂ+ಎಸ್ ಗುರುತು ಒಂದೇ ಇದ್ದರೆ ಸಾಲದು. ಅದನ್ನು ಹಾಕೋಕೆ ಯಾವ ಪರೀಕ್ಷೆಯೂ ಬೇಕಿಲ್ಲ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರ ಇದೆಯಾ ನೋಡಿ. ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಮಾತ್ರ ಅದು ಸಿಗುತ್ತದೆ. 2024ರ ಅಕ್ಟೋಬರ್‌ನಿಂದ ಇಲ್ಲಿನ ಕಾನೂನು ಒಪ್ಪುವುದು ಆ ಚಿತ್ರವನ್ನೇ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ವಿಂಟರ್ ಟೈರ್ ಅನ್ನುವ ಲೆಕ್ಕ ಇಲ್ಲಿಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಸರಿಯಾದ ಟೈರ್ ಇಲ್ಲದೆ ಗಾಡಿ ಓಡಿಸಿದರೆ 60 ಯೂರೋ ದಂಡ, ಜೊತೆಗೆ ಚಾಲಕರ ತಪ್ಪಿನ ದಾಖಲೆಯಲ್ಲಿ ಒಂದು ಪಾಯಿಂಟ್.

ದಂಡಕ್ಕಿಂತ ಮುಖ್ಯ ರಬ್ಬರ್. ಸಮ್ಮರ್ ಟೈರಿನ ರಬ್ಬರ್ ಚಳಿಗೆ ಗಟ್ಟಿಯಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಟೈರ್ ಬದಲಿಸಿ ಅನ್ನುವುದು ಅದಕ್ಕೇ. ವಿಂಟರ್ ಟೈರಿನ ರಬ್ಬರ್ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ತುಂಬ ಸಣ್ಣ ಸಣ್ಣ ಸೀಳುಗಳಿರುತ್ತವೆ, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಆದರೆ ಅದನ್ನೇ ಬೇಸಿಗೆಯಲ್ಲೂ ಓಡಿಸಿದರೆ ಬೇಗ ಸವೆಯುತ್ತದೆ, ಬ್ರೇಕ್ ಹಾಕಿದರೆ ಗಾಡಿ ನಿಲ್ಲೋದೂ ದೂರ.

ಆಸ್ಟ್ರಿಯಾದ್ದು ಬೇರೆ ಲೆಕ್ಕ. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ ಇದ್ದರೆ ವಿಂಟರ್ ಟೈರ್ ಬೇಕೇ ಬೇಕು, ಅದರ ಗೀರಿನ ಆಳ 4 ಮಿ.ಮೀ. ಆದರೂ ಇರಬೇಕು. ಜರ್ಮನಿಯಲ್ಲಿ 1.6 ಮಿ.ಮೀ. ಇದ್ದರೆ ಕಾನೂನಿಗೆ ಸಾಕು. ಹಾಗಾಗಿ ಇಲ್ಲಿ ನಡೆಯುವ ಹಳೇ ಟೈರ್ ಗಡಿ ದಾಟಿದರೆ ನಡೆಯೋದಿಲ್ಲ. ಆಲ್ಪ್ಸ್‌ಗೆ ಹೋಗುವುದಾದರೆ ನನ್ನ ವೋಟು ಬೇರೆ ವಿಂಟರ್ ಸೆಟ್‌ಗೇ.

ಕಲೋನ್‌ನಿಂದ:
ನಾನು ಸ್ವಲ್ಪ ಒಪ್ಪಲ್ಲ. ನಮ್ಮ ಕಡೆ ಹಿಮ ಬೀಳೋದೇ ಅಪರೂಪ, ಬಿದ್ದರೂ ಬೇಗ ಕರಗುತ್ತದೆ. ಬೆಟ್ಟದ ಚಿತ್ರ ಇರುವ ಒಳ್ಳೇ ಆಲ್ ಸೀಸನ್ ಹಾಕಿಸಿದ್ದೇನೆ, ಆರಾಮಾಗಿದೆ. ವರ್ಷಕ್ಕೆರಡು ಸಲ ಬದಲಿಸುವ ಖರ್ಚಿಲ್ಲ, ಟೈರ್ ಎಲ್ಲಿಡೋದು ಅನ್ನೋ ತಲೆನೋವಿಲ್ಲ. ಫ್ಲ್ಯಾಟ್‌ನಲ್ಲಿ ಇರುವವರಿಗೆ ಅದೂ ಮುಖ್ಯ ಅಲ್ವಾ? ಆದರೆ ನಿಮ್ಮ ಸ್ಟುಟ್‌ಗಾರ್ಟ್ ಬರೀ ಏರು ಇಳಿಜಾರು. ಅದನ್ನು ನೋಡಿಕೊಂಡು ತೀರ್ಮಾನ ಮಾಡಿ.

ಮಾಂಟ್ರಿಯಲ್‌ನಿಂದ:
ಇಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಈ ಚರ್ಚೆಗೆ ಜಾಗವೇ ಇಲ್ಲ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ, ಹಿಮ ಇರಲಿ ಬಿಡಲಿ. ಎರಡು ಮಾತು ಹೇಳ್ತೀನಿ. ದುಡ್ಡು ಉಳಿಸೋಕೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ಹಾಕಿಸಬೇಡಿ. ಮುಂದೆ ಹಿಡಿತ ಇದ್ದು ಹಿಂದೆ ಇಲ್ಲದಿದ್ದರೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ಗಿರ್ರನೆ ತಿರುಗುತ್ತದೆ. ಇನ್ನೊಂದು, ನಮ್ಮ ಮೈನಸ್ 25 ಡಿಗ್ರಿಗೆ ಮಾಡಿದ ತುಂಬ ಮೆತ್ತನೆಯ ಟೈರ್ ನಿಮಗೆ ಬೇಡ. ಅದು ಐಸ್ ಮೇಲೆ ಚೆನ್ನ. ಮಳೆಯಲ್ಲಿ ನೆಂದ ಆಟೋಬಾನ್ ಹೆದ್ದಾರಿಯಲ್ಲಿ ವೇಗವಾಗಿ ಹೋಗೋಕೆ ಅಷ್ಟಕ್ಕಷ್ಟೇ.

ನ್ಯೂರೆಂಬರ್ಗ್‌ನಿಂದ:
ಹಳೇ ಟೈರ್ ತಗೊಳ್ಳೋದಾದರೆ ಅದರ ಪಕ್ಕದಲ್ಲಿ ಬರೆದಿರುವ ಡಾಟ್ (DOT) ಸಂಖ್ಯೆ ನೋಡಿ. ಕೊನೆಯ ನಾಲ್ಕು ಅಂಕಿ 3521 ಅಂದರೆ 2021ರ 35ನೇ ವಾರದಲ್ಲಿ ಮಾಡಿದ್ದು. ರಿಮ್ ಸಮೇತ ಸೆಟ್ ಸಿಕ್ಕರೆ ಬಿಡಬೇಡಿ, ಪ್ರತಿ ಸಲ ಟೈರ್ ಬಿಚ್ಚಿ ಹಾಕುವ ಕೂಲಿ ಉಳಿಯುತ್ತದೆ. ಚಕ್ರ ಬದಲಿಸಿ 50 ಕಿ.ಮೀ. ಓಡಿಸಿದ ಮೇಲೆ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿಸಿ. ಚಳಿ ಹೆಚ್ಚಾದರೆ ಗಾಳಿಯ ಒತ್ತಡವೂ ಇಳಿಯುತ್ತದೆ, 10 ಡಿಗ್ರಿಗೆ ಸುಮಾರು 0.1 ಬಾರ್. ಆಗಾಗ ನೋಡ್ತಾ ಇರಿ.

ಮತ್ತೆ ಮ್ಯೂನಿಕ್‌ನಿಂದ:
ಏನೇ ತಗೊಂಡರೂ ಗ್ಯಾರೇಜಿನಲ್ಲಿ ಈಗಲೇ ಟೈಮ್ ಹೇಳಿಡಿ. ಮೊದಲ ಹಿಮ ಬಿದ್ದ ದಿನ ಊರಿಗೆ ಊರೇ ಅಲ್ಲಿ ನಿಂತಿರುತ್ತದೆ.