ಬೆಣ್ಣೆ ದೋಸೆ ಒಂದೇ ಅಲ್ಲ ಪುಟ್ಟಿ

ಪುಟ್ಟಿ, ಅತ್ತೆ ಮಾತಾಡುತ್ತಿದ್ದೇನೆ. ಬೆಳಗ್ಗೆ ಗ್ರೂಪಿಗೆ ನೀನು ಹಾಕಿದ್ದನ್ನು ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗಬಹುದು, ತರಕಾರಿ ಹೆಚ್ಚುತ್ತಾ ಕೇಳು.

ನೀನು ಹೇಳಿದ್ದು ಎರಡು ವಿಷಯ. ಮೈಸೂರು ಬಿಟ್ಟು ದಾವಣಗೆರೆಗೆ ಬಂದು ಮೂರು ತಿಂಗಳಾಯಿತು, ಬೆಣ್ಣೆ ದೋಸೆ ಬಿಟ್ಟರೆ ಇಲ್ಲಿ ತಿನ್ನೋಕೆ ಏನೂ ಇಲ್ಲ, ಮೂರು ಜನ ಹೊರಗೆ ಹೋದರೆ 800 ರೂಪಾಯಿ ಖರ್ಚಾಗುತ್ತದೆ ಅಂದೆ. ಎರಡನೆಯದು, ಮಗನ ಹುಟ್ಟುಹಬ್ಬ ಹತ್ತಿರ ಬಂತು ಅಂತ ಕುಕ್ಕರಿನಲ್ಲಿ ಕೇಕ್ ಮಾಡಿ ನೋಡಿದೆ, ನಡುವೆ ಕುಸಿದು ಹೋಯಿತು, ಓವನ್ ತಗೊಳ್ಳಲಾ ಅಂತ ಕೇಳಿದೆ. ನಿಮ್ಮಮ್ಮ ತಗೋ ಅಂದಿದ್ದಾಳೆ. ನಾನು ಬೇಡ ಅನ್ನುತ್ತೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಊರಿನ ಮಾತು. ಏನೂ ಇಲ್ಲ ಅಂದೆಯಲ್ಲ, ಅದು ನನಗೆ ಮನಸ್ಸಿಗೆ ತಾಗಿತು.

ನೋಡು, 800 ಯಾಕಾಯಿತು? ಫೋನಿನಲ್ಲಿ ಹುಡುಕಿ, ಎಸಿ ಇರೋ ಜಾಗಕ್ಕೆ ಹೋಗಿರುತ್ತೀರಿ. ಈ ಊರಿನ ತಿಂಡಿ ಅಲ್ಲಿ ಬೆಳೆದಿದ್ದೇ ಅಲ್ಲ. ಒಂದು ಕಾಲದಲ್ಲಿ ದಾವಣಗೆರೆ ಅಂದರೆ ಹತ್ತಿ ಮಿಲ್ಲುಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಕರೆಯುತ್ತಿದ್ದರು. ಶಿಫ್ಟ್ ಮುಗಿಸಿ ಬಂದವರು, ಮಂಡಿಪೇಟೆಯಲ್ಲಿ ಮೂಟೆ ಹೊರುವ ಹಮಾಲರು, ಸಂತೆಗೆ ಬಂದ ರೈತರು, ಆಮೇಲೆ ಕಾಲೇಜು ಹುಡುಗರು. ಇವರ ಜೇಬಿಗೂ ಹೊಟ್ಟೆಗೂ ಸರಿಯಾಗಿ ಹುಟ್ಟಿದ ತಿಂಡಿಗಳು ಇವು. ಮಿಲ್ಲು ಮುಚ್ಚಿದವು, ತಿಂಡಿ ಉಳಿಯಿತು.

ಬೆಣ್ಣೆ ದೋಸೆಯನ್ನೇ ತಗೋ. ಅದನ್ನೂ ನೀನು ಸರಿಯಾಗಿ ನೋಡಿಲ್ಲ ಅಂತ ನನ್ನ ಅನಿಸಿಕೆ. ಬರೀ ಬೆಣ್ಣೆ ದೋಸೆ ಬೇರೆ, ಖಾಲಿ ಬೇರೆ, ಓಪನ್ ಬೇರೆ. ನಾನಾದರೆ ಓಪನ್ ಹೇಳುತ್ತೇನೆ, ಮೇಲೆ ಚಟ್ನಿಪುಡಿ ಉದುರಿಸಿ ಕೊಡುತ್ತಾರೆ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಹಾಕಿ ರುಬ್ಬುತ್ತಾರೆ. ಅಂಚು ಗರಿಗರಿ ಇದ್ದರೂ ನಡುವೆ ಮೆತ್ತಗೆ, ತೂತು ತೂತಾಗಿ ಇರುತ್ತದಲ್ಲ, ಅದರಲ್ಲಿ ಮಂಡಕ್ಕಿಯ ಪಾಲು ದೊಡ್ಡದು. ಆಲೂಗಡ್ಡೆ ಪಲ್ಯಕ್ಕೆ ಅರಿಶಿನ ಇಲ್ಲ, ಬೆಳ್ಳಗೆ ಇರುತ್ತದೆ. ಸಾಂಬಾರ್ ಕೇಳಬೇಡ, ತೆಳು ಕಾಯಿಚಟ್ನಿಯಲ್ಲೇ ತಿನ್ನು. ಸೌದೆ ಒಲೆಯ ಮೇಲೆ ಹಂಚಿಟ್ಟು ಹಾಕುವ ಕಡೆ ಹೋಗು, ರುಚಿ ನಿನಗೇ ಗೊತ್ತಾಗುತ್ತದೆ.

ಇದನ್ನು ಈ ಊರಿಗೆ ತಂದವರೂ ಹೊರಗಿನವರೇ ಅಂತ ನಿನಗೆ ಗೊತ್ತಾ? 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನೋ ತಾಯಿ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು, ನಾಟಕದ ಥಿಯೇಟರ್ ಮುಂದೆ ದೋಸೆ ಹಾಕಿ ಮಾರಿದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಮೊದಲು ರಾಗಿ ದೋಸೆಯಂತೆ. ಅಕ್ಕಿ ಹಿಟ್ಟಿಗೆ ಬದಲಾಗಿದ್ದು, ಬೆಣ್ಣೆ ಬಂದಿದ್ದು ಆಮೇಲೆ. ಒಬ್ಬ ಹೆಣ್ಣುಮಗಳು ಬದುಕೋಕೆ ಅಂತ ಹಚ್ಚಿದ ಒಲೆ, ಇವತ್ತು ಊರಿನ ಹೆಸರೇ ಅದರ ಜೊತೆ ಅಂಟಿಕೊಂಡಿದೆ. ನೀನೂ ಹೊಸದಾಗಿ ಬಂದವಳು, ಅದಕ್ಕೇ ಇದನ್ನು ಬಿಡಿಸಿ ಹೇಳಿದೆ.

ಈಗ ಮಂಡಕ್ಕಿ. ಇಲ್ಲಿ ಮೆಣಸಿನಕಾಯಿ ಅಂದರೆ ಮೆಣಸಿನಕಾಯಿ ಬಜ್ಜಿ, ಅಷ್ಟೇ. ಗಾಡಿ ಹತ್ತಿರ ಹೋಗಿ “ಒಂದು ಮಂಡಕ್ಕಿ, ಎರಡು ಮೆಣಸಿನಕಾಯಿ” ಅನ್ನು, ಸಾಕು. ಒಗ್ಗರಣೆ ಮಂಡಕ್ಕಿ ನೆನೆಸಿ ಮಾಡಿದ್ದು, ಮೆತ್ತಗೆ ಇರುತ್ತದೆ, ಬೆಳಗಿನ ತಿಂಡಿಗೆ ಚೆಂದ. ಸಂಜೆಗೆ ಖಾರ ಮಂಡಕ್ಕಿ. ನರ್ಗಿಸ್ ಅಂತ ಇನ್ನೊಂದಿದೆ, ಪುಟಾಣಿ, ಅಂದರೆ ಹುರಿಗಡಲೆ, ಅದರ ಪುಡಿ ಹಾಕಿ ಕಲಸೋದು. ಅದು ನನ್ನ ಪ್ರಾಣ. ಗಾಡಿಯವನು ದೊಡ್ಡ ಪಾತ್ರೆಯಲ್ಲಿ ಮಂಡಕ್ಕಿ ಸುರಿದು, ಎಣ್ಣೆ ಬಿಟ್ಟು, ಪುಡಿ ಉದುರಿಸಿ, ಕೈಯಲ್ಲೇ ತಳದಿಂದ ಮೇಲಕ್ಕೆ ತಿರುವುತ್ತಾನೆ. ಒಂದು ಕಾಳೂ ಮುರಿಯುವುದಿಲ್ಲ, ಒಂದು ಕಾಳಿಗೂ ಪುಡಿ ಹತ್ತದೆ ಇರುವುದಿಲ್ಲ. ಪೇಪರಿನ ಮೇಲೆ ಹಾಕಿ, ಪಕ್ಕದಲ್ಲಿ ಈರುಳ್ಳಿ ಇಟ್ಟು ಕೊಡುತ್ತಾನೆ. ಕೊಟ್ಟ ತಕ್ಷಣ ತಿನ್ನಬೇಕು, ಫೋಟೋ ತೆಗೆಯುತ್ತಾ ನಿಂತರೆ ಗರಿ ಹೋಗುತ್ತದೆ. ನಮ್ಮ ಬೀದಿ ತುದಿಯ ಗಾಡಿಯಲ್ಲಿ ನಾನೂ ಮಾವನೂ ಹೊಟ್ಟೆ ತುಂಬಾ ತಿಂದು ಚಹಾ ಕುಡಿದರೂ 100 ರೂಪಾಯಿ ದಾಟುವುದಿಲ್ಲ.

ಮಂಡಕ್ಕಿ ಭಟ್ಟಿ ನೋಡಿದ್ದೀಯಾ? ಒಂದು ದಿನ ಮಗನನ್ನು ಕರೆದುಕೊಂಡು ಹೋಗು. ಭತ್ತ ನೆನೆಸಿ, ಹುರಿದು, ಒಣಗಿಸಿ, ಮಿಲ್ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿರುತ್ತಾರೆ. ಕಾದ ಮರಳಿಗೆ ಅದನ್ನು ಒಂದು ಹಿಡಿ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಕಪ್ಪು ಮರಳಿನ ಮೇಲೆ ಒಮ್ಮೆಲೇ ಬಿಳಿ ಹೂವು ಬಿಟ್ಟ ಹಾಗೆ. ತಕ್ಷಣ ಜರಡಿ ಹಿಡಿಯಬೇಕು, ತಡವಾದರೆ ಕಪ್ಪಾಗುತ್ತದೆ. ಆ ಬೆಂಕಿಯ ಮುಂದೆ, ಹೊಗೆಯಲ್ಲಿ, ದಿನವಿಡೀ ನಿಂತು ದುಡಿಯುವವರು ಇದ್ದಾರೆ. ನಮ್ಮ ಕೈಗೆ ಬರೋ ಮಂಡಕ್ಕಿ ಅಷ್ಟು ಹಗುರ, ಅವರ ಕೆಲಸ ಅಷ್ಟೇ ಭಾರ. ಅದಕ್ಕೇ ನಾನು ಐದು ರೂಪಾಯಿಗೆ ಚೌಕಾಸಿ ಮಾಡೋರನ್ನು ಕಂಡರೆ ಸುಮ್ಮನಿರುವುದಿಲ್ಲ.

ಇನ್ನು ಪಡ್ಡು. ನಿಮ್ಮ ಕಡೆ ಗುಂಡುಪೊಂಗಲು ಅನ್ನುತ್ತೀರಲ್ಲ, ಅದೇ. ಗೋಧಿ ಕಡುಬು, ಜೋಳದ ರೊಟ್ಟಿ ಬೇಕು ಅನ್ನಿಸಿದರೆ ಖಾನಾವಳಿಗೆ ಹೋಗು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ಮಧ್ಯಾಹ್ನ ಒಂದರ ಒಳಗೆ ಹೋಗು, ಆಗ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬರುತ್ತದೆ.

ಇರು, ಹಾಲು ಉಕ್ಕುತ್ತಿದೆ.

ಹ್ಞಾ, ಬಂದೆ. ಮೊಮೊ ತಿನ್ನೋಕೆ ಬೆಂಗಳೂರಿಗೇ ಹೋಗಬೇಕು ಅಂತ ಬರೆದಿದ್ದೆ, ಅಲ್ವಾ? ಸಂಜೆ ಕಾಲೇಜುಗಳ ಹತ್ತಿರ ಒಂದು ಸುತ್ತು ಹಾಕು. ಇಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಓದೋಕೆ ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ. ಅವರ ಹಿಂದೆಯೇ ಅವರ ತಿಂಡಿಯೂ ಬಂದಿದೆ. ಮೊಮೊ ಟಿಬೆಟ್ ಕಡೆಯದು. ಟಿಬೆಟಿನವರು ನಮ್ಮ ರಾಜ್ಯಕ್ಕೆ ಹೊಸಬರೇನಲ್ಲ. ಬೈಲಕುಪ್ಪೆಯಲ್ಲಿ 1961ರಿಂದ, ಮುಂಡಗೋಡಿನಲ್ಲಿ 1966ರಿಂದ ಅವರ ಕ್ಯಾಂಪುಗಳಿವೆ. ಮೈಸೂರಿನವಳು ನೀನು, ಬೈಲಕುಪ್ಪೆ ನಿನಗೇ ಚೆನ್ನಾಗಿ ಗೊತ್ತು. ಹಿಟ್ಟಿನ ಹಾಳೆಯೊಳಗೆ ಹೂರಣ ಇಟ್ಟು, ಮಡಿಚಿ, ಹಬೆಯಲ್ಲಿ ಬೇಯಿಸೋದು. ನಮ್ಮ ಕಡುಬಿಗೂ ಅದಕ್ಕೂ ಏನು ದೂರ? ನಾನು ಎಲೆಕೋಸಿನ ಮೊಮೊ ತಿಂದೆ, ಆ ಕೆಂಪು ಚಟ್ನಿಗೆ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಪ್ಲೇಟ್ ಹೇಳಿದೆ.

ರಂಜಾನ್ ತಿಂಗಳು ಬಂದಾಗ ಆಜಾದ್ ನಗರದ ಕಡೆ ಸಂಜೆ ಹೋಗೋಣ. ನಾವು ಮಾಂಸ ತಿನ್ನೋದಿಲ್ಲ ಅಂತ ಹಿಂಜರಿಯಬೇಡ. ಈರುಳ್ಳಿ ಸಮೋಸ, ಖರ್ಜೂರ, ಹಣ್ಣು ಎಲ್ಲ ಇರುತ್ತವೆ. ಕೇಳಿದರೆ ಪ್ರೀತಿಯಿಂದಲೇ ಹೇಳುತ್ತಾರೆ, ಇದು ನಿಮಗೆ ಆಗುತ್ತೆ, ಇದು ಆಗಲ್ಲ ಅಂತ. ನಮ್ಮ ಪಕ್ಕದ ಮನೆಯವರು ಹಬ್ಬದ ದಿನ ಶೀರ್ ಖುರ್ಮಾ, ಅಂದರೆ ಹಾಲಿನ ಶಾವಿಗೆ ಪಾಯಸ, ಕಳಿಸುತ್ತಾರೆ, ನಾನು ಯುಗಾದಿಗೆ ಹೋಳಿಗೆ ಕಳಿಸುತ್ತೇನೆ. ಇಪ್ಪತ್ತು ವರ್ಷದಿಂದ ಖಾಲಿ ಡಬ್ಬಿ ಯಾವ ಕಡೆಗೂ ವಾಪಸ್ ಹೋಗಿಲ್ಲ.

ಸರಿ, ಈಗ ಕೇಕಿನ ವಿಷಯ.

ಓವನ್ ಯಾಕೆ ಬೇಡ ಅಂದೆ ಅಂದರೆ, ನಿನ್ನ ಕೇಕ್ ಕುಸಿದಿದ್ದು ಓವನ್ ಇಲ್ಲದ್ದಕ್ಕಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ. ಅಂಚು ಚೆನ್ನಾಗಿ ಎದ್ದಿದೆ, ನಡುವೆ ಮಾತ್ರ ಗುಳಿ. ನೀನು ಹದಿನೈದು ನಿಮಿಷಕ್ಕೇ ಮುಚ್ಚಳ ತೆಗೆದು ನೋಡಿರುತ್ತೀಯ, ಹೌದಾ? ಸೋಡಾ, ಬೇಕಿಂಗ್ ಪೌಡರ್‌ನಿಂದ ಒಳಗೆ ಗಾಳಿಗುಳ್ಳೆ ಬಂದಿರುತ್ತವೆ. ಅವುಗಳ ಸುತ್ತ ಹಿಟ್ಟು ಬೆಂದು ಗಟ್ಟಿಯಾಗುವವರೆಗೆ ಅವು ನಿಲ್ಲುವುದು ಬಿಸಿಯ ಬಲದಿಂದ. ಮುಚ್ಚಳ ತೆಗೆದರೆ ಬಿಸಿ ಇಳಿಯುತ್ತದೆ, ಹಸಿ ಹಿಟ್ಟು ಕೂತುಬಿಡುತ್ತದೆ. ಅಂಚು ಮೊದಲು ಬೇಯುತ್ತದೆ, ಅದು ಉಳಿಯುತ್ತದೆ. ನಡುವಿನದು ಕೊನೆಗೆ ಬೇಯುತ್ತದೆ, ಅದೇ ಕುಸಿಯುತ್ತದೆ. ಸೋಡಾ ಜಾಸ್ತಿ ಆದರೂ ಹೀಗೇ, ಬೇಗ ಎದ್ದು ಬೇಗ ಬೀಳುತ್ತದೆ. ನೀನು ಒಂದು ಚಮಚ ಸೋಡಾ ಅಂತ ಬರೆದಿದ್ದೀಯ. ಜಾಸ್ತಿ ಆಯಿತು ಪುಟ್ಟಿ.

ದಿನಾ ಅನ್ನ ಮಾಡುವ ಕುಕ್ಕರನ್ನು ನೀರಿಲ್ಲದೆ ಕಾಯಿಸಬೇಡ, ಹಾಳಾಗುತ್ತದೆ. ದಪ್ಪ ತಳದ ಹಳೇ ಪಾತ್ರೆ, ಬಿಗಿಯಾಗಿ ಕೂರುವ ಮುಚ್ಚಳ ಇದ್ದರೆ ಸಾಕು. ತಳಕ್ಕೆ ಒಂದು ಬೆರಳು ದಪ್ಪ ಕಲ್ಲುಪ್ಪು ಹರಡು, ಮೇಲೆ ಒಂದು ತೂತಿನ ತಟ್ಟೆ. ಮುಚ್ಚಿ ಹತ್ತು ನಿಮಿಷ ಮೊದಲೇ ಕಾಯಿಸು. ಆ ಉಪ್ಪನ್ನು ಎಸೆಯಬೇಡ, ಡಬ್ಬಿಯಲ್ಲಿಟ್ಟರೆ ಪ್ರತಿ ಸಲವೂ ಅದನ್ನೇ ಬಳಸಬಹುದು.

ಈ ಸಲ ಮೈದಾ ಕೇಕ್ ಬಿಡು, ರವೆ ಕೇಕ್ ಮಾಡು. ಹೊಸಬರ ಕೈಗೆ ಅದು ಬೇಗ ಒಗ್ಗುತ್ತದೆ. ಒಂದು ಕಪ್ ಚಿರೋಟಿ ರವೆ, ಮುಕ್ಕಾಲು ಕಪ್ ಸಕ್ಕರೆ, ಮುಕ್ಕಾಲು ಕಪ್ ಮೊಸರು, ಕಾಲು ಕಪ್ ಕರಗಿಸಿದ ಬೆಣ್ಣೆ. ಕಲಸಿ ಅರ್ಧ ಗಂಟೆ ಬಿಡು. ರವೆ ನೀರು ಹೀರಿ ಉಬ್ಬುತ್ತದೆ, ಹಿಟ್ಟು ಗಟ್ಟಿಯಾಗುತ್ತದೆ. ಆಗ ಸುಮಾರು ಅರ್ಧ ಕಪ್ ಹಾಲು, ಕಾಲು ಕಪ್ ಮೈದಾ, ಏಲಕ್ಕಿ ಪುಡಿ. ಇಡ್ಲಿ ಹಿಟ್ಟಿನ ಹದ ಬರಬೇಕು. ಎಲ್ಲದರ ಕೊನೆಗೆ ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ. ಮೊಸರಿನ ಹುಳಿ ತಾಗಿದ ತಕ್ಷಣ ಸೋಡಾ ಕೆಲಸ ಶುರು ಮಾಡುತ್ತದೆ, ಆಮೇಲೆ ಫೋನ್ ಎತ್ತಬೇಡ. ಬೆಣ್ಣೆ ಸವರಿದ ಡಬ್ಬಿಗೆ ಸುರಿ, ಕಾದ ಪಾತ್ರೆಯಲ್ಲಿಡು, ಉರಿ ಸಣ್ಣ ಮಾಡು. 35 ನಿಮಿಷ ಮುಚ್ಚಳ ಮುಟ್ಟಬೇಡ. ಆಮೇಲೆ ಒಂದು ಕಡ್ಡಿ ಚುಚ್ಚಿ ನೋಡು, ಅಂಟದೆ ಬಂದರೆ ಆಯಿತು. ಇಲ್ಲದಿದ್ದರೆ ಇನ್ನೊಂದು ಐದು, ಹತ್ತು ನಿಮಿಷ. ಮೇಲ್ಭಾಗ ಕೆಂಪಗಾಗುವುದಿಲ್ಲ, ಅದಕ್ಕೆ ಬೇಜಾರು ಬೇಡ. ತಣ್ಣಗಾದ ಮೇಲೆ ಬೋರಲು ಹಾಕಿದರೆ ಕೆಂಪು ತಳವೇ ಮೇಲೆ ಬರುತ್ತದೆ.

ನಾನು ಇದನ್ನೆಲ್ಲ ಪುಸ್ತಕ ನೋಡಿ ಕಲಿತಿಲ್ಲ. ಬೇಸಿಗೆ ರಜೆಯಲ್ಲಿ ನಿನ್ನಜ್ಜಿ ಮೈದಾ, ಸಕ್ಕರೆ, ಡಾಲ್ಡಾ, ಏಲಕ್ಕಿ ಎಲ್ಲ ಅಳೆದು ಚೀಲಕ್ಕೆ ಹಾಕಿ, ನನ್ನನ್ನೂ ನಿಮ್ಮಪ್ಪನನ್ನೂ ಬೇಕರಿಗೆ ಕಳಿಸುತ್ತಿದ್ದಳು. ಸಾಮಾನು ನಮ್ಮದು, ಬೇಯಿಸಿದ ಕೂಲಿ ಮಾತ್ರ ಅವರಿಗೆ. ನಮ್ಮ ಸರದಿ ಬರುವವರೆಗೆ ಗೋಡೆ ಬದಿ ಕೂತಿರಬೇಕು. ಗೋಡೆಯೇ ಬೆಚ್ಚಗಿರುತ್ತಿತ್ತು. ಬೇಕರಿ ಮಾಮ ಹಿಟ್ಟು ನಾದಿ, ಉಂಡೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ, ತಗಡಿನ ಮೇಲೆ ಸಾಲಾಗಿ ಇಡುತ್ತಿದ್ದರು. ಒಂದಕ್ಕೂ ಇನ್ನೊಂದಕ್ಕೂ ಎರಡು ಬೆರಳು ಜಾಗ. ಉದ್ದ ಹಿಡಿಯ ಮರದ ಹುಟ್ಟಿನಲ್ಲಿ ತಗಡನ್ನು ಒಲೆಯ ಬಾಯೊಳಗೆ ತಳ್ಳಿ, ಗಡಿಯಾರ ನೋಡದೆ, ಬರೀ ವಾಸನೆ ಹಿಡಿದು ಹೊರಗೆಳೆಯುತ್ತಿದ್ದರು. ಮೊದಲ ಬಿಸ್ಕತ್ತು ನಮಗೆ. ಬಿಸಿಯಲ್ಲಿ ಮೆತ್ತಗಿರುತ್ತಿತ್ತು, ಬೆಂದಿಲ್ಲ ಅಂತ ನಿಮ್ಮಪ್ಪ ಜಗಳಕ್ಕೇ ನಿಂತಿದ್ದ. “ಆರಲಿ ಇರು ಮರಿ, ಗಟ್ಟಿಯಾಗುತ್ತೆ” ಅಂದರು ಅವರು. ಹಾಗೇ ಆಯಿತು. ಡಬ್ಬಿ ತುಂಬಾ ನಾನ್‌ಖಟಾಯ್ ಹೊತ್ತು ಮನೆಗೆ ಬರುವಷ್ಟರಲ್ಲಿ ಮೇಲಿನ ಒಂದು ಸಾಲು ಖಾಲಿ.

ಅದನ್ನೂ ನಿನ್ನ ಉಪ್ಪಿನ ಪಾತ್ರೆಯಲ್ಲೇ ಮಾಡಬಹುದು. ಒಂದು ಕಪ್ ಮೈದಾ, ಅರ್ಧ ಕಪ್ ಕಡಲೆಹಿಟ್ಟು, ಅರ್ಧ ಕಪ್ ತುಪ್ಪ, ಅರ್ಧ ಕಪ್‌ಗಿಂತ ಸ್ವಲ್ಪ ಜಾಸ್ತಿ ಸಕ್ಕರೆ ಪುಡಿ, ಒಂದು ಚಿಟಿಕೆ ಸೋಡಾ. ಬೆಣ್ಣೆ ಹಾಕಬೇಡ. ಅದರಲ್ಲಿ ನೀರಿನಂಶ ಇರುತ್ತದೆ, ಬಿಸ್ಕತ್ತು ಪುಡಿಪುಡಿಯಾಗಿ ಬರುವುದಿಲ್ಲ. ಕಾಯಿಸಿ ತುಪ್ಪ ಮಾಡಿಕೊಂಡೇ ಹಾಕು. ಇಪ್ಪತ್ತು ನಿಮಿಷ ಸಾಕು. ಮಗನ ಕೈಯಲ್ಲಿ ಉಂಡೆ ಮಾಡಿಸು, ಹೆಬ್ಬೆರಳಲ್ಲಿ ಒತ್ತಿಸು.

ಒಂದೆರಡು ತಿಂಗಳು ಹೀಗೆ ಮಾಡಿ ನೋಡು. ಕೈ ಕೂತ ಮೇಲೂ ಓವನ್ ಬೇಕು ಅನ್ನಿಸಿದರೆ ನಾನೇ ಬರುತ್ತೇನೆ ಅಂಗಡಿಗೆ, ನಿಮ್ಮಮ್ಮನಿಗೆ ಹೇಳು.

ಭಾನುವಾರ ಸಂಜೆ ಐದಕ್ಕೆ ಮೂರೂ ಜನ ರಾಮ್ ಅಂಡ್ ಕೋ ಸರ್ಕಲ್‌ಗೆ ಬನ್ನಿ, ನಾನೂ ಮಾವನೂ ಅಲ್ಲೇ ನಿಂತಿರುತ್ತೇವೆ. ಮಧ್ಯಾಹ್ನ ಊಟ ಕಡಿಮೆ ಮಾಡಿ. ಬರುವಾಗ ಎರಡು ಖಾಲಿ ಡಬ್ಬಿ ತಾ, ಮಂಡಕ್ಕಿ ಕಟ್ಟಿಸಿಕೊಂಡು ಹೋಗುವಿಯಂತೆ. ಕೇಕ್ ಮಾಡಿದ್ದರೆ ಒಂದು ತುಂಡು ನನಗೂ ತಾ, ಹೇಗೇ ಬಂದಿರಲಿ.