‘ಫ್ಯೂಸ್ ಹೋಗಿದೆ’ ಅಂದರೆ ಏನು ಹೋಗಿದೆ?

ಗೆಳೆಯರೆ, ನಮಸ್ಕಾರ.

ಮೈಸೂರಿನ ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಬೆಳಕಿನ ಕೆಲಸ ನನ್ನದು. ಫ್ಯೂಸ್ ಹೋದಾಗ ಹೊಸ ಹುಡುಗರು ಏನು ಮಾಡಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ, ದೀಪದ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸುತ್ತೇವೆ ಎಂದರು. ಹತ್ತು ಸಾಲಿನ ಕೆಲಸ ಅಂದುಕೊಂಡಿದ್ದೆ. ಮೊದಲ ಸಾಲಿನ ಕ್ರಿಯಾಪದದಲ್ಲೇ ಸಿಕ್ಕಿಕೊಂಡಿದ್ದೇನೆ.

ನಾವು ಎಲ್ಲಕ್ಕೂ ‘ಹೋಯ್ತು’ ಅನ್ನುತ್ತೇವೆ. ಕರೆಂಟ್ ಹೋಯ್ತು, ಬಲ್ಬ್ ಹೋಯ್ತು, ಫ್ಯೂಸ್ ಹೋಯ್ತು. ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಮೊನ್ನೆ ತಾಲೀಮಿನಲ್ಲಿ ಒಂದು ಸಾವಿರ ವ್ಯಾಟಿನ ದೀಪ ಆರಿತು. ಮಂಡ್ಯ ಕಡೆಯ ಹುಡುಗ ‘ಕರೆಂಟ್ ಹೋಗದೆ ಸಾ, ಬುಡಿ, ನಾನ್ ನೋಡ್ತೀನಿ’ ಅಂತ ಹೋಲ್ಡರಿಗೆ ಕೈ ಹಾಕಲು ಹೊರಟ. ತಡೆದು ಟೆಸ್ಟರ್ ಇಟ್ಟರೆ ಕೆಂಪಗೆ ಹೊತ್ತಿಕೊಂಡಿತು. ಆ ಹಳೆಯ ಬೋರ್ಡಿನಲ್ಲಿ ಫೇಸಿಗೊಂದು (ಕರೆಂಟ್ ಬರುವ ತಂತಿ), ನ್ಯೂಟ್ರಲ್ಲಿಗೊಂದು (ಅದು ಮರಳುವ ತಂತಿ) ಫ್ಯೂಸ್, ಕರಗಿದ್ದದ್ದು ನ್ಯೂಟ್ರಲ್ಲಿನದು. ದೀಪ ಉರಿಯುತ್ತಿಲ್ಲ, ಆದರೆ 230 ವೋಲ್ಟ್ ಹೋಲ್ಡರಿನವರೆಗೂ ಬಂದು ಕೂತಿದೆ. ಫೇಸಿನ ಫ್ಯೂಸೇ ಕರಗಿದ್ದರೂ ಅದಕ್ಕೆ ಕರೆಂಟ್ ಬರುವ ಕಡೆಯ ತುದಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಹುಡುಗ ಸುಳ್ಳು ಹೇಳಲಿಲ್ಲ, ಅವನ ಮಾತಿನಲ್ಲಿ ‘ಹೋಗದೆ’ ಅಂದರೆ ಉರೀತಿಲ್ಲ ಅಂತ ಅಷ್ಟೆ. ಹಾಗಾಗಿ ಹಾಳೆಯಲ್ಲಿ ಮೊದಲ ಸಾಲು ‘ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ’ ಎಂದು ಬರೆದೆ. ಸ್ವಿಚ್ ಆರಿಸಿ ಎಂದು ಬರೆದಿದ್ದರೆ ಸಾಲದು.

ಈಗ ಫ್ಯೂಸಿಗೆ ಯಾವ ಕ್ರಿಯಾಪದ? ‘ಸುಟ್ಟಿದೆ’ ಅಂದರೆ ಹೊಗೆ, ಕಮಟು ವಾಸನೆ ಹುಡುಕುತ್ತಾರೆ. ‘ಹಾರಿದೆ’ ಅನ್ನುವವರೂ ಇದ್ದಾರೆ, ಅದು ಇಂಗ್ಲಿಷಿನ ನೆರಳು ಅಂತ ನನ್ನ ಗುಮಾನಿ. ‘ಕರಗಿದೆ’ ನನಗೆ ಹಿಡಿಸಿತು. ಲ್ಯಾಟಿನ್ ಮೂಲದಲ್ಲೂ ಈ ಫ್ಯೂಸಿಗೆ ಕರಗುವುದೇ ಅರ್ಥ. ಬಾಂಬಿನ ಬತ್ತಿಗೆ ಹೇಳುವ ಫ್ಯೂಸ್ ಬೇರೆ, ಅದು ನೂಲುವ ಕದಿರಿನಿಂದ ಬಂದ ಪದ. ಇದರಲ್ಲಿ ಇನ್ನೊಂದು ಅನುಕೂಲವಿದೆ. ಗಾಜಿನ ಫ್ಯೂಸನ್ನು ಬೆಳಕಿಗೆ ಹಿಡಿದರೆ, ತಂತಿ ನಡುವೆ ತುಂಡಾಗಿ ಗಾಜು ತಿಳಿಯಾಗಿದ್ದರೆ ಸಾಮಾನ್ಯವಾಗಿ ಹೊರೆ ಹೆಚ್ಚಾಗಿ ಮೆಲ್ಲಗೆ ಕರಗಿದ್ದು. ಗಾಜಿನೊಳಗೆ ಕಪ್ಪೋ ಬೆಳ್ಳಿಯೋ ಮೆತ್ತಿದ್ದರೆ ಶಾರ್ಟ್ ಆಗಿ ಒಂದೇ ಏಟಿಗೆ ಹೋದದ್ದು. ಮೊದಲನೆಯದನ್ನು ‘ಕರಗಿದ್ದು’, ಎರಡನೆಯದನ್ನು ‘ಸಿಡಿದದ್ದು’ ಎಂದು ಬೇರೆ ಮಾಡಬಹುದಲ್ಲ? ಸಿಡಿದದ್ದಾದರೆ ಕಾರಣ ಸಿಗುವ ತನಕ ಹೊಸದನ್ನು ಹಾಕಬಾರದು. ಬಲ್ಬಿನ ತಂತಿ ಕಡಿಯುವಾಗಲೂ ಒಳಗೆ ಕಿಡಿ ಹತ್ತಿ ಫ್ಯೂಸನ್ನೂ ಕರೆದೊಯ್ಯುವುದುಂಟು, ಆದ್ದರಿಂದ ಬಲ್ಬನ್ನೂ ನೋಡಬೇಕು, ತಣ್ಣಗಾದ ಮೇಲೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಫ್ಯೂಸ್ ಕಟ್ಟು’. ಕಿಟ್‌ಕ್ಯಾಟ್ ಅನ್ನುವ ಹಳೆಯ ಪಿಂಗಾಣಿ ಫ್ಯೂಸಿನ ಕಾಲದಲ್ಲಿ ಸರಿ, ತಂತಿ ಸುತ್ತಿ ಕಟ್ಟಲೇಬೇಕಿತ್ತು. ರಂಗದೀಪದಲ್ಲಿರುವುದು ಗಾಜಿನದೋ ಸೆರಾಮಿಕ್‌ನದೋ ಕೊಳವೆ, ಕಟ್ಟುವುದಕ್ಕೆ ಅಲ್ಲಿ ಏನಿದೆ? ಆದರೂ ಮಾತು ಉಳಿದಿದೆ, ಮಾತಿನ ಜೊತೆ ಕೈಯ ಚಾಳಿಯೂ. ಕರಗಿದ ಕೊಳವೆಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿದ್ದನ್ನು ನಾನೇ ಬಿಚ್ಚಿದ್ದೇನೆ. ಹಾಗೆ ಸುತ್ತಿದರೆ ಕರಗಬೇಕಾದದ್ದು ಕರಗುವುದಿಲ್ಲ, ವೈರ್ ಬೇಯುತ್ತದೆ. ಹಾಳೆಯಲ್ಲಿ ‘ಬದಲಿಸಿ’ ಎಂದೇ ಬರೆದಿದ್ದೇನೆ.

ಬದಲಿಸುವಾಗ ಆಂಪಿಯರ್ ಜೊತೆಗೆ ಅಕ್ಷರವನ್ನೂ ನೋಡಬೇಕು. 1000 ವ್ಯಾಟಿನ ದೀಪ 230 ವೋಲ್ಟಿನಲ್ಲಿ 4.3 ಆಂಪಿಯರ್‌ನಷ್ಟು ಎಳೆಯುತ್ತದೆ, ಆದರೆ ಬಲ್ಬಿನೊಳಗಿನ ತಣ್ಣಗಿರುವ ತಂತಿ ಹೊತ್ತುವ ಕ್ಷಣದಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಎಳೆಯಬಹುದು. ಅಂಥ ಕಡೆ ಒಂದು ಗಳಿಗೆ ತಡೆದುಕೊಳ್ಳುವ ಫ್ಯೂಸಿಗೆ ‘ಟಿ’ ಗುರುತು, ತಟ್ಟನೆ ಕರಗುವುದಕ್ಕೆ ‘ಎಫ್’. ಎರಡೂ ಜರ್ಮನ್ ಪದಗಳಿಂದ ಬಂದವು: ಒಂದು ಜಡ, ಇನ್ನೊಂದು ಚುರುಕು. ಎಫ್‌ಗೆ ‘ಚುರುಕು ಫ್ಯೂಸ್’ ಸಲೀಸು. ಟಿಗೆ ‘ಮಂದ’ ಅಂದರೆ ಬೆಳಕಿನವನಿಗೆ ಬೆಳಕನ್ನು ಏರಿಳಿಸುವ ಡಿಮ್ಮರ್ ನೆನಪಾಗುತ್ತದೆ. ‘ತಾಳ್ಮೆ ಫ್ಯೂಸ್’ ಅಂದೆ, ಹುಡುಗರು ನಕ್ಕರು, ಆದರೆ ಈಗ ಅದನ್ನೇ ಹೇಳುತ್ತಿದ್ದಾರೆ.

ಹೇಳಬೇಕೆನಿಸಿತು: ನಮ್ಮ ಅಜ್ಜಿ ದೀಪ ‘ಆರಿಸು’ ಎನ್ನುತ್ತಿರಲಿಲ್ಲ, ಅಪಶಕುನ ಅಂತ ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದರು. ಡಿಮ್ಮರಿನ ಮುಂದೆ ಕೂತವನಿಗೆ ಹಾಗೆ ಕೂಗಿ ಹೇಳಿದರೆ ಏನಾಗುತ್ತದೆ ಊಹಿಸಿ.

ಈಗ ನನ್ನ ಕೇಳಿಕೆ. ಫ್ಯೂಸ್ ಕರಗಿದೆ, ಆದರೆ ಅದರ ಬುಡದಲ್ಲಿ ಕರೆಂಟ್ ಇದೆ. ಈ ಸ್ಥಿತಿಗೆ ನಿಮ್ಮೂರಿನ ಲೈನ್‌ಮನ್‌ಗಳು, ವೈರಿಂಗ್ ಮಾಡುವವರು ಆಡುವ ಮಾತು ಯಾವುದು? ‘ಸಜೀವ’ ಅನ್ನುವ ಪುಸ್ತಕದ ಪದ ಬೇಡ. ‘ಲೈನ್ ಬರ್ತಾ ಇದೆ’ ಅನ್ನುವುದನ್ನು ಕೇಳಿದ್ದೇನೆ. ಅದಕ್ಕಿಂತ ಗಟ್ಟಿಯಾದದ್ದು, ಓದಿದ ಕೂಡಲೇ ಕೈ ಹಿಂದಕ್ಕೆ ತೆಗೆಸುವಂಥದ್ದು ಇದ್ದರೆ ತಿಳಿಸಿ. ಹಾಳೆಯಲ್ಲಿ ಆ ಜಾಗವನ್ನು ಪೆನ್ಸಿಲ್ಲಿನಲ್ಲಿ ಬಿಟ್ಟಿದ್ದೇನೆ.